ಬೈಗುಳಗಳ ಪಂಚನಾಮೆ

ಭಾಷೆಯೆಂಬುದು ಒಂದು ಜನಸಮುದಾಯದ ಆತ್ಮ. ಅದನ್ನು ಯಾವ ಸರ್ಕಾರವೂ ಕೊಟ್ಟದ್ದಲ್ಲ, ಯಾವ ಸರ್ಕಾರವೂ ಕಸಿದುಕೊಳ್ಳಲಾರದು. ಶಾಲು ಹೊದಿಸಿಕೊಂಡು ಈ ಮಾತನ್ನು ನಾನೂ ಮೂರು ನಾಲ್ಕು ವೇದಿಕೆಗಳ ಮೇಲೆ ಹೇಳಿದ್ದೇನೆ. ಆಮೇಲೆ ತಿಳಿಯಿತು, ಆತ್ಮವು ಗ್ರಾಮ ಸಚಿವಾಲಯದ ಫೋನಿನೊಳಗೆ ಒಂದು ಪಟ್ಟಿಯ ರೂಪದಲ್ಲಿ ವಾಸವಾಗಿದೆ. ಬೆರಳು ಯಾವ ಸಾಲಿಗೆ ತಾಗುತ್ತದೋ ಅದೇ ಆತ್ಮ. ಒಮ್ಮೆ ಸಬ್‌ಮಿಟ್ ಆಯಿತೆಂದರೆ ಅದು ಅಮರ.

ಆಗ ನಾನು ರಾಯದುರ್ಗದ ಸರ್ಕಾರಿ ಹೈಸ್ಕೂಲೊಂದರಲ್ಲಿ ಕನ್ನಡ ಪಂಡಿತ. ಪಂಡಿತ ಎಂಬುದು ಇಲಾಖೆ ಕೊಟ್ಟ ಹುದ್ದೆಯ ಹೆಸರು, ನನ್ನ ಮೇಲಿನ ಆರೋಪವಲ್ಲ. ಜಿಲ್ಲೆ ಇನ್ನೂ ಎರಡಾಗಿರಲಿಲ್ಲ. ಬಳ್ಳಾರಿ ಮಗ್ಗುಲಿನ ರಾಯದುರ್ಗವೂ ಶಿರಾ ಮಗ್ಗುಲಿನ ಮಡಕಶಿರಾವೂ ಆಂಧ್ರದ ಒಂದೇ ಅನಂತಪುರ ಜಿಲ್ಲೆಯ ಎರಡು ತುದಿಗಳು. ಫೆಬ್ರವರಿಯಲ್ಲಿ ಒಂದು ದಿನ ನನ್ನ ಹೆಸರಿಗೆ ಆದೇಶ ಬಂತು. ಮಡಕಶಿರಾದಿಂದಾಚೆ, ಹೇಮಾವತಿಗೆ ಹೋಗುವ ದಾರಿಯ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ತೆಲುಗು ವಿಭಾಗದ ಪಕ್ಕದಲ್ಲೇ ಕನ್ನಡ ವಿಭಾಗವೂ ಇದೆ, ಅದರಲ್ಲಿ ಮೂವತ್ತೊಂದು ಮಕ್ಕಳು. ಮನೆಮನೆ ಸಮೀಕ್ಷೆಯ ಪ್ರಕಾರ ಆ ಪೈಕಿ ಇಪ್ಪತ್ತೇಳು ಮಕ್ಕಳ ಮಾತೃಭಾಷೆ ತೆಲುಗು. ಹಾಗಿದ್ದ ಮೇಲೆ ಕನ್ನಡ ವಿಭಾಗವನ್ನು ಮುಂದಿನ ವರ್ಷದಿಂದ ತೆಲುಗು ವಿಭಾಗದಲ್ಲಿ ಏಕೆ ವಿಲೀನಗೊಳಿಸಬಾರದು? ಕನ್ನಡ ಬಲ್ಲ ಸಿಬ್ಬಂದಿಯೊಬ್ಬರು ಸ್ಥಳಕ್ಕೆ ಹೋಗಿ ಪರಿಶೀಲಿಸಿ ಮೂರು ದಿನಗಳಲ್ಲಿ ವರದಿ ಕೊಡತಕ್ಕದ್ದು. ಜಿಲ್ಲೆಯಲ್ಲಿ ಕನ್ನಡ ಬಲ್ಲ ಸಿಬ್ಬಂದಿ ಸಾಕಷ್ಟಿದ್ದರು. ಪರೀಕ್ಷೆಯ ಕೆಲಸ ಬೀಳದೆ ಖಾಲಿ ಉಳಿದವನು ನಾನೊಬ್ಬನೆ.

ಈ ಕಡೆಯ ರಾಜಕೀಯ ಚರಿತ್ರೆ ಬಲು ಗಂಭೀರವಾದದ್ದು. ನಮ್ಮ ತಾತ ಕಾಗದ ಬರೆಯುವಾಗ ರಾಯದುರ್ಗ, ಬಳ್ಳಾರಿ ಜಿಲ್ಲೆ ಎಂದು ವಿಳಾಸ ಹಾಕುತ್ತಿದ್ದರು. ನಮ್ಮಪ್ಪ ರಾಯದುರ್ಗ, ಅನಂತಪುರ ಜಿಲ್ಲೆ ಎಂದು ಹಾಕಿದರು. ನಡುವೆ ರಾಜ್ಯವೊಂದು ಹುಟ್ಟಿ ಗೆರೆ ಆಚೀಚೆಯಾಗಿತ್ತು. ಮನೆ ಮಾತ್ರ ಇದ್ದ ಜಾಗದಿಂದ ಒಂದು ಗೇಣೂ ಅಲುಗಿರಲಿಲ್ಲ. ಈ ಚರಿತ್ರೆಯ ಕಷ್ಟ ಏನೆಂದು ತಿಳಿಯಬೇಕಾದರೆ ರಾಯದುರ್ಗದಿಂದ ಮಡಕಶಿರಾಕ್ಕೆ ಬಸ್ಸಿನಲ್ಲಿ ಹೋಗಬೇಕು. ಕಲ್ಯಾಣದುರ್ಗ ದಾಟಿದ ಮೇಲೆ ಬಸ್ಸು ಕರ್ನಾಟಕದ ಪಾವಗಡಕ್ಕೆ ನುಗ್ಗಿ, ಅಲ್ಲಿ ಡ್ರೈವರು ಚಹಾ ಕುಡಿದು, ಮತ್ತೆ ಆಂಧ್ರಕ್ಕೆ ಬೀಳುತ್ತದೆ. ಒಂದೇ ಜಿಲ್ಲೆಯ ಆ ತುದಿಗೆ ಹೋಗಲು ಪರರಾಜ್ಯ ಪ್ರವೇಶ ಮಾಡಿದ ನಾನು ಪೂರ್ವಾನುಮತಿ ಪಡೆದಿರಲಿಲ್ಲ. ಈವರೆಗೆ ಯಾರೂ ಕೇಳಿಲ್ಲ.

ಶಾಲೆಯಲ್ಲಿ ಕನ್ನಡ ವಿಭಾಗವನ್ನು ನಡೆಸುತ್ತಿದ್ದವರು ಒಬ್ಬರೇ ಶಿಕ್ಷಕಿ. ಊರಿನವರು ಟೀಚರಮ್ಮ ಎನ್ನುತ್ತಿದ್ದರು. ಹನ್ನೆರಡು ವರ್ಷ ಅದೇ ಕೋಣೆಯಲ್ಲಿ ಐದು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡಿದವರು. ವಿಲೀನವಾದರೆ ಅವರು 'ಹೆಚ್ಚುವರಿ' ಎಂಬ ಪಟ್ಟಿಗೆ ಸೇರಿ ಎಲ್ಲಿಗೋ ಹೋಗುತ್ತಾರೆ. ಅದು ಅವರ ಚಿಂತೆಯಾಗಿರಲಿಲ್ಲ.

"ನಾನು ಎಲ್ಲಾದ್ರೂ ಓಗ್ತೀನಿ ಸಾರ್," ಎಂದರು. "ನಾಲ್ಕನೇ ಕ್ಲಾಸಿನ ಏಳು ಮಕ್ಕಳವ್ರೆ. ಕನ್ನಡದಾಗೆ ಭಾಗಾಕಾರ ಕಲ್ತು, ಓದೋದು ಕಲ್ತು, ಈಗ ತಾನೆ ದಾರಿಗೆ ಬಂದವ್ರೆ. ಜೂನಿಗೆ ತೆಲುಗು ಪುಸ್ತಕ ಕೊಟ್ರೆ ಅವು ಮತ್ತೆ ಅಕ್ಷರದಿಂದ ಸುರು ಮಾಡ್ಬೇಕು. ಎರಡು ವರ್ಸ ಎಲ್ರಿಗಿಂತ ಇಂದೆ ಕೂರ್ತವೆ. ಆಮೇಲೆ ಕುರಿ ಕಾಯಾಕೆ ಓಗ್ತವೆ. ಅದನ್ನ ನೀವು ಯಾವ ಕಲಂನಾಗೆ ಬರೀತೀರ?"

ಅಂಥ ಕಲಂ ಇರಲಿಲ್ಲ.

ಮೊದಲು ಸಮೀಕ್ಷೆ ಮಾಡಿದವರನ್ನು ಕಂಡೆ. ಗ್ರಾಮ ಸಚಿವಾಲಯದಲ್ಲಿ, ಎಂದರೆ ಪಂಚಾಯಿತಿ ಮಟ್ಟದ ಸರ್ಕಾರಿ ಕಚೇರಿಯಲ್ಲಿ, ಕೆಲಸ ಮಾಡುವ ಅದೇ ಊರಿನ ಹುಡುಗಿ, ಡಿಗ್ರಿ ಮಾಡಿದವಳು, ಓದಿದ್ದು ಈ ಶಾಲೆಯ ಕನ್ನಡ ವಿಭಾಗದಲ್ಲೇ. ಫೋನು ತೆಗೆದು ತೋರಿಸಿದಳು. ಪ್ರಶ್ನೆಗಳೆಲ್ಲ ತೆಲುಗಿನಲ್ಲಿದ್ದವು.

"ಯಾವ ಮಾತಿನಾಗ ಕೇಳಿದ್ಯವ್ವಾ?" ಎಂದೆ.

"ತೆಲುಗಿನಲ್ಲಿ ಸಾರ್. ಫೋನಿನಾಗೆ ಅಂಗೇ ಐತಲ್ಲ."

"ಅವರು?"

"ಅವ್ರೂ ತೆಲುಗಿನಲ್ಲೇ ಯೋಳಿದ್ರು."

"ನಿಮ್ಮ ಮನ್ಯಾಗ?"

ಹುಡುಗಿ ನೆಲ ನೋಡಿದಳು. "ನಮ್ಮ ಅಮ್ಮನ್ನೂ ತೆಲುಗಿನಲ್ಲೇ ಕೇಳ್ದೆ ಸಾರ್. ಅಮ್ಮನೂ ತೆಲುಗು ಅಂತು. ನಾನೂ ಅಂಗೇ ಒತ್ತಿದೆ. ಡ್ಯೂಟಿ ಅಲ್ವ."

ಆ ಹುಡುಗಿಯ ಓಣಿಯ ಒಬ್ಬಾಕೆ ಆಮೇಲೆ ಇದನ್ನು ಇನ್ನೂ ಸ್ಪಷ್ಟಪಡಿಸಿದಳು. "ಅವ್ಳು ನಮ್ಮ ಅತ್ತೆ ಮಗ್ಳೇ ಸಾಮಿ. ಆದ್ರೆ ಫೋನ್ ಇಡ್ಕಂಡಿದ್ಲಲ್ಲ. ಸರ್ಕಾರ ತೆಲುಗಿನಾಗೆ ಕೇಳ್ದಾಗ ಕನ್ನಡದಾಗೆ ಉತ್ರ ಕೊಟ್ರೆ ಮರ್ವಾದೆ ಇರ್ತೈತಾ?"

ಕಾರಣ ಸಿಕ್ಕಿತೆಂದು ಹಿಗ್ಗಿದೆ. ಫೋನು ತೆಲುಗಿನಲ್ಲಿ ಕೇಳಿತು, ಜನ ಮರ್ಯಾದೆಗೆ ತೆಲುಗು ಎಂದರು. ಇನ್ನು ನಾನು ಕನ್ನಡದಲ್ಲಿ ಕೇಳಿದರೆ ಆಯಿತು. ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಹಾಕಿದ ಬೂಟು, ಕಂಕುಳಲ್ಲಿ ಕೆಂಪು ಪಟ್ಟಿಯ ಫೈಲು, ಹಿಂದೆ ಟೀಚರಮ್ಮ. ಮೊದಲ ದಿನ ಹೀಗೆ ಹೊರಟು ಸಂಜೆಯೊಳಗೆ ಇಪ್ಪತ್ತೆರಡು ಮನೆಗಳಲ್ಲಿ ಇಪ್ಪತ್ತೊಂದನ್ನು ಮುಗಿಸಿದೆ. ಪ್ರತಿ ಬಾಗಿಲಲ್ಲೂ ನಿಂತು ಶುದ್ಧ ಕನ್ನಡದಲ್ಲಿ, ಎಂದರೆ ನಮ್ಮ ರಾಯದುರ್ಗದ ಕನ್ನಡದಲ್ಲಿ, ಕೇಳಿದೆ: "ನಿಮ್ಮ ಮನಿ ಮಾತು ಯಾವುದ್ರಿ?"

ಒಳಗಿನಿಂದ ಕುರ್ಚಿ ಬಂತು. ನೀರು ಬಂತು. ಆಮೇಲೆ ಉತ್ತರ ಬಂತು: "ಮಾದಿ ತೆಲುಗೇ ಸಾರ್." ನಮ್ಮದು ತೆಲುಗೇ.

"ನಾ ಕನ್ನಡದಾಗ ಕೇಳಾಕ ಹತ್ತೀನಲ್ರಿ. ನೀವ್ಯಾಕ ತೆಲುಗಿನಾಗ ಹೇಳ್ತೀರಿ?"

"ಪರವಾಲೇದು ಸಾರ್," ಎಂದು ಯಜಮಾನ ನನ್ನನ್ನು ಸಮಾಧಾನ ಮಾಡಿದ. ಪರವಾಗಿಲ್ಲವಂತೆ. ಊರಿನವರಿಗೆ ತೆಲುಗು ಬರುವುದಿಲ್ಲವೆಂದುಕೊಂಡು ಈ ಅಧಿಕಾರಿ ಪಾಪ ಕಷ್ಟಪಟ್ಟು ಕನ್ನಡ ಆಡುತ್ತಿದ್ದಾನೆ ಎಂದು ಅವನಿಗೆ ಕಂಡಿರಬೇಕು. ಬಳ್ಳಾರಿ ಕಡೆಯ ನನ್ನ ಉಚ್ಚಾರಣೆ ಆ ಸಂಶಯವನ್ನು ಗಟ್ಟಿಮಾಡಿತು. ಸರ್ಕಾರ ಇಷ್ಟು ಸೌಜನ್ಯ ತೋರಿದಾಗ ತಾನೂ ಸೌಜನ್ಯ ತೋರಬೇಡವೆ?

ಸಂಜೆ ಶಾಲೆಯ ಜಗಲಿಯ ಮೇಲೆ ಕೂತು ಲೆಕ್ಕ ಹಾಕಿದೆವು. ಸಮೀಕ್ಷೆಯಲ್ಲಿ ಇಪ್ಪತ್ತೇಳು ಇದ್ದ ತೆಲುಗು ಮಕ್ಕಳು ಕನ್ನಡ ಪಂಡಿತನ ಪರಿಶೀಲನೆಯ ನಂತರ ಇಪ್ಪತ್ತೊಂಬತ್ತಾಗಿದ್ದರು. ಮೊದಲು ಕನ್ನಡ ಎಂದಿದ್ದ ಮನೆಯೊಂದು ನನ್ನ ಬೂಟು ನೋಡಿ ಮನಸ್ಸು ಬದಲಾಯಿಸಿತ್ತು. ಎಲ್ಲ ಹಾಳೆಗಳಿಗೂ ನನ್ನ ಸಹಿ ಬಿದ್ದಿತ್ತು.

ಟೀಚರಮ್ಮ ಹಾಳೆಗಳನ್ನು ತಿರುವಿ ನೋಡಿ, "ನೀವು ಬರದೇ ಇದ್ದಿದ್ರೆ ಚೆನ್ನಾಗಿರ್ತಿತ್ತು ಸಾರ್," ಎಂದರು. ಕೋಪವಿರಲಿಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದರು.

ಅಷ್ಟರಲ್ಲಿ ಊರಿನ ಮುಖಂಡರು ಬಂದರು. ಕಷ್ಟಕಾಲದಲ್ಲಿ ಮುಖಂಡರು ಬರುವುದು ಪ್ರಜಾಪ್ರಭುತ್ವದ ಲಕ್ಷಣ. ಕೈಯಲ್ಲಿ ಹೇಮಾವತಿಯ ಶಾಸನವೊಂದರ ದೊಡ್ಡ ಫೋಟೊ ಇತ್ತು. "ಇನ್ನೇನ್ ಬೇಕು ಪಂಡಿತರೆ ಸಾಕ್ಷಿ? ನೊಳಂಬರ ಕಾಲದ್ದು. ಕಲ್ಲಿನ ಮೇಲೆ ಕನ್ನಡ. ಇದನ್ನ ಅರ್ಜಿಗೆ ಲಗತ್ತಿಸಿ ಆಪೀಸಿಗೆ ಕೊಡ್ತೀನಿ, ಯಾವ ಸಾಹೇಬ ಇಲ್ಲ ಅಂತಾನೆ ನೋಡ್ತೀನಿ." ಮರುದಿನ ಬೆಳಿಗ್ಗೆಯೇ ಹೋಗಿ ಕೊಟ್ಟರು. ಮಡಕಶಿರಾದ ಕಚೇರಿಯಲ್ಲಿ ಗುಮಾಸ್ತ ಫೋಟೊವನ್ನು ಎರಡೂ ಕಡೆ ತಿರುಗಿಸಿ ನೋಡಿ, ಇದನ್ನು ಕೆತ್ತಿಸಿದವರ ಮಕ್ಕಳು ಈಗ ಎಷ್ಟನೇ ತರಗತಿ ಎಂದು ಕೇಳಿದನಂತೆ. ಮುಖಂಡರು ಇದನ್ನು ಸಾವಿರ ವರ್ಷಗಳ ಚರಿತ್ರೆಗೆ ಆದ ಅವಮಾನವೆಂದು ಖಂಡಿಸಿದರು. ಸಮೀಕ್ಷೆಯಲ್ಲಿ ಅವರ ಮನೆಯ ಮಾತೃಭಾಷೆಯೂ ತೆಲುಗು ಎಂದೇ ಇತ್ತು. ಆ ವಿಷಯ ನಾನು ಎತ್ತಲಿಲ್ಲ.

ಎರಡನೆಯ ದಿನ ಉಳಿದಿದ್ದ ಒಂದು ಮನೆಗೆ ಹೋದೆ. ಹಿಂದಿನ ದಿನ ಬಾಗಿಲಲ್ಲೇ, ಹುಳ ಜ್ವರ ಎದ್ದಿವೆ, ನಾಳೆ ಬನ್ನಿ ಎಂದು ಕಳಿಸಿದ್ದರು. ರೇಷ್ಮೆಹುಳ ಸಾಕುವ ಮನೆ. ಹುಳ ಪೊರೆ ಬಿಡಲು ಸೊಪ್ಪು ತಿನ್ನದೆ ಮಲಗುವುದಕ್ಕೆ ಜ್ವರವೆಂದೂ, ಪೊರೆ ಕಳಚಿ ಮತ್ತೆ ಹಸಿದು ಏಳುವುದಕ್ಕೆ ಜ್ವರ ಏಳುವುದೆಂದೂ ಹೆಸರು. ನಾಲ್ಕನೇ ಜ್ವರ ಎದ್ದ ಹುಳಗಳ ಹೊಟ್ಟೆ ತುಂಬಿಸುವುದರೊಳಗೆ ಮನುಷ್ಯರ ಮಾತೃಭಾಷೆಗೆ ಯಾರಿಗೂ ಪುರಸೊತ್ತಿರುವುದಿಲ್ಲ. ನಾಲ್ಕನೇ ತರಗತಿಯ ಒಬ್ಬ ಹುಡುಗಿಯ ಅಜ್ಜಿ ಹುಳದ ಮನೆಯ ಬಾಗಿಲಿಗೆ ಬಂದರು.

"ಚೆಪ್ಪುಲು ಬಯಟ ಸಾರ್," ಎಂದರು ತೆಲುಗಿನಲ್ಲಿ. ಬೂಟು ಬಿಚ್ಚಿದೆ. ಹೊಸ್ತಿಲಲ್ಲಿ ಸುಣ್ಣದ ಪುಡಿ ಹರಡಿತ್ತು. ಪಕ್ಕದ ಬೋಗುಣಿಯ ಮದ್ದಿನ ನೀರಿನಲ್ಲಿ ಕಾಲೂ ಕೈಯೂ ತೊಳೆಯಬೇಕು. ತೊಳೆದೆ. ಫೈಲು ಹಿಡಿದುಕೊಂಡೇ ಒಳಗೆ ಕಾಲಿಡಲು ಹೋದಾಗ ಅಜ್ಜಿ ಅಡ್ಡ ನಿಂತರು. ಸಿಟ್ಟಿನಲ್ಲಿ ಅವರ ತೆಲುಗು ಅರ್ಧದಲ್ಲೇ ಮುಗಿಯಿತು.

"ಆ ಪೈಲು ಯಾವ್ ಯಾವ್ ಮನೆ ಸುತ್ಕಂಡು ಬಂದೈತೋ. ಮೂರು ಮನೆಯಾಗೆ ಉಳಕ್ಕೆ ರೋಗ ಬಂದೈತೆ. ಆಚೆ ಮಡಗು."

ಮಡಗಿದೆ. ಬರಿಗಾಲು, ಬರಿಗೈ, ಮೊಣಕಾಲಿಗೆ ಮಡಚಿದ ಪ್ಯಾಂಟು. ಒಳಗೆ ಅಟ್ಟಣಿಗೆಯ ತಟ್ಟೆಗಳ ತುಂಬ ಹುಳಗಳು ಸೊಪ್ಪು ಮೇಯುವ ಸದ್ದು, ತುಂತುರು ಮಳೆ ಬಿದ್ದ ಹಾಗೆ. ಅಜ್ಜಿ ನನ್ನ ಕೈಗೆ ಒಂದು ಮಂಕರಿ ಸೊಪ್ಪು ಕೊಟ್ಟರು.

"ನಿಂತ್ಕಂಡು ಏನ್ ನೋಡ್ತೀಯ, ಆ ಸಾಲಿಗೆ ಸೊಪ್ಪು ಆಕು. ಅಷ್ಟು ದಪ್ಪಕ್ಕೆ ಆಕಬ್ಯಾಡ ಕಣಪ್ಪ, ಉಸಿರು ಕಟ್ತವೆ. ಮೇಷ್ಟ್ರ ಕೆಲ್ಸ ಮಾಡಿ ಕೈ ಎಲ್ಲ ಬತ್ತೋಗೈತೆ ನಿಂಗೆ."

ಮುಕ್ಕಾಲು ಗಂಟೆ ಸೊಪ್ಪು ಹಾಕಿದೆ. ಆ ಮುಕ್ಕಾಲು ಗಂಟೆಯಲ್ಲಿ ಅಜ್ಜಿ ಸೊಸೆಯ ಬಗ್ಗೆ, ಬೋರಿನ ನೀರಿನ ಬಗ್ಗೆ, ಎರಡು ರಾಜ್ಯದ ಮುಖ್ಯಮಂತ್ರಿಗಳ ಬಗ್ಗೆ ತಮ್ಮ ಅಭಿಪ್ರಾಯಗಳನ್ನು ಸವಿವರವಾಗಿ ಹೇಳಿದರು. ನಡುವೆ ಮೊಮ್ಮಗಳು ಇಣುಕಿದಾಗ, "ತಲೆ ಬಾಚ್ಕಂಡು ಇಸ್ಕೂಲಿಗೆ ಓಗೇ ಮೂದೇವಿ, ಕೂದ್ಲು ನೋಡು ಕಾಗೆ ಗೂಡು ಆಗೈತೆ," ಎಂದರು. ತೆಲುಗಿನ ಒಂದು ಅಕ್ಷರವೂ ಇರಲಿಲ್ಲ.

ನನಗೆ ತುಂಬ ಸಂತೋಷವಾಯಿತು. ಹೊರಗೆ ಬಂದು, ಪ್ಯಾಂಟು ಇಳಿಸಿ, ಬೂಟು ಹಾಕಿ, ಫೈಲು ತೆರೆದು, ಪೆನ್ನಿನ ಟೋಪಿ ತೆಗೆದು ಕೇಳಿದೆ: "ಅಜ್ಜೀ, ಈಗ ಹೇಳ್ರಿ. ನಿಮ್ಮ ಮಾತೃಭಾಷೆ?"

ಅಜ್ಜಿ ಸೆರಗು ಸರಿಮಾಡಿಕೊಂಡರು. "ತೆಲುಗು ಸಾರ್."

"ಅಲ್ರೀ, ಇಷ್ಟೊತ್ತು ಒಳಗ ನನ್ನ ಜೊತಿ ಮಾತಾಡಿದ್ದು ಏನದು?"

"ಅದು ಮಾತು ಸಾರ್," ಎಂದರು ಅಜ್ಜಿ, ತೆಲುಗಿನಲ್ಲಿಯೇ. "ನೀವು ಕೇಳಿದ್ದು ಭಾಷೆ."

ಮೂವತ್ತು ವರ್ಷ ವ್ಯಾಕರಣ ಹೇಳಿಕೊಟ್ಟವನು ಪೆನ್ನಿನ ಟೋಪಿ ಮುಚ್ಚಿದೆ. ಬೂಟು ಹಾಕಿದವನಿಗೆ ಭಾಷೆ, ಬರಿಗಾಲಿನವನಿಗೆ ಮಾತು. ನಾನು ಎರಡು ದಿನ ಬೂಟಿನಲ್ಲೇ ತಿರುಗಿದ್ದೆ.

ಶಾಲೆಗೆ ಬಂದು ಸುತ್ತೋಲೆಯನ್ನು ಮೊದಲಿನಿಂದ ಓದಿದೆ. ಸುತ್ತೋಲೆಗಳನ್ನು ಪೂರ್ತಿ ಓದುವ ಅಭ್ಯಾಸ ಯಾರಿಗೂ ಇಲ್ಲ, ಬರೆದವರಿಗೂ ಇರಲಿಕ್ಕಿಲ್ಲ. ನಮೂನೆಯಲ್ಲಿ 'ಪೋಷಕರು ಘೋಷಿಸಿದ ಮಾತೃಭಾಷೆ' ಎಂದಿತ್ತು. ಆದರೆ ಎರಡನೇ ಪುಟದ ಕೆಳಗೆ, ಸಂದೇಹವಿದ್ದಲ್ಲಿ ಮನೆಯಲ್ಲಿ ಮಗುವಿನೊಡನೆ ಸಾಮಾನ್ಯವಾಗಿ ಆಡುವ ಭಾಷೆಯನ್ನು ಪರಿಶೀಲನಾಧಿಕಾರಿಯು ತನಗೆ ಸೂಕ್ತ ಕಂಡ ರೀತಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು ಎಂದಿತ್ತು. ಕೇಳತಕ್ಕದ್ದು ಎಂದಿರಲಿಲ್ಲ.

"ಮೇಡಂ, ನಾಳೆ ಯಾರ್ನೂ ಏನೂ ಕೇಳೂದು ಬ್ಯಾಡ್ರಿ," ಎಂದೆ. "ಬೆಳಿಗ್ಗೆ ಮಕ್ಕಳನ್ನ ಎಬ್ಬಿಸಿ ಶಾಲಿಗೆ ಕಳ್ಸೋ ಹೊತ್ತಿಗೆ ಹೋಗಿ ಕುಂತ್ಕೊಳ್ಳೂದು. ಕಿವಿಗೆ ಬಿದ್ದಿದ್ದನ್ನ ಇದ್ದ ಹಂಗ ಬರ್ಕೊಳ್ಳೂದು. ಆಮ್ಯಾಲ ಓದಿ ಹೇಳಿ ಸಹಿ ತಗೊಳ್ಳೂದು. ಪಂಚನಾಮೆ."

"ಬೆಳಿಗ್ಗೆ ಒತ್ತು ಬೈಗುಳ ಬಿಟ್ಟು ಇನ್ನೇನ್ ಬೀಳ್ತೈತೆ ಸಾರ್ ಕಿವಿಗೆ?"

"ಅದನ್ನೇ ಬರ್ಯೂದು."

ಟೀಚರಮ್ಮ ಮೊದಲ ದಿನದ ಹಾಳೆಗಳ ಕಟ್ಟನ್ನು ನನ್ನ ಮುಂದೆ ಸರಿಸಿದರು. "ಅಂಗಾದ್ರೆ ಇವನ್ನ ಅರಿದಾಕಿ ಬಿಡಿ. ನಿಮ್ದೇ ಸೈನು ಐತೆ. ಆಪೀಸಿನವ್ರು ಎರಡೂ ನೋಡಿದ್ರೆ ನಿಮ್ಮ ಕುತ್ತಿಗೆಗೆ ಬರ್ತೈತೆ."

ಹರಿಯಬಹುದಿತ್ತು, ನೋಡಿದವರು ಅವರೊಬ್ಬರೆ. ಆದರೆ ನಾನು ಕೇಳಿದ್ದರಿಂದ ಎರಡು ಮಕ್ಕಳು ತೆಲುಗಿಗೆ ಹೋಗಿದ್ದವು ಎಂಬುದಕ್ಕಿಂತ ದೊಡ್ಡ ಸಾಕ್ಷಿ ನನ್ನ ಬಳಿ ಇರಲಿಲ್ಲ. ಆ ಹಾಳೆಗಳನ್ನು 'ಅನುಬಂಧ ಒಂದು: ಪರಿಶೀಲನಾಧಿಕಾರಿಯ ತಪ್ಪು' ಎಂದು ತಲೆಬರಹ ಕೊಟ್ಟು ಉಳಿಸಿಕೊಂಡೆ. ಇಲಾಖೆಯಲ್ಲಿ ಅಂಥ ಅನುಬಂಧ ಮೊದಲನೆಯದಿರಬೇಕು.

ಮೂರನೆಯ ದಿನ ಬೆಳಕು ಹರಿಯುವಾಗಲೇ ನಾಲ್ವರು ಹೊರಟೆವು. ನಾನು ಲುಂಗಿ ಉಟ್ಟು ಬರಿಗಾಲಿನಲ್ಲಿ. ಟೀಚರಮ್ಮ. ಸಾಕ್ಷಿಗೆಂದು ಸಚಿವಾಲಯದ ಹುಡುಗಿ, ಫೋನು ಮನೆಯಲ್ಲಿ ಬಿಟ್ಟು. ಇನ್ನೊಬ್ಬ ಸಾಕ್ಷಿ ತೆಲುಗು ವಿಭಾಗದ ಮೇಷ್ಟ್ರು. ಪಕ್ಷಪಾತವೆಂದು ಯಾರೂ ಅನ್ನಬಾರದೆಂದು ನಾನೇ ಕರೆದೆ. ಓಣಿಗೊಂದು ಜಗಲಿ ಹಿಡಿದು ಒಬ್ಬೊಬ್ಬರು ಕೂತೆವು. ಏನು ಕೆಲಸ ಎಂದು ಕೇಳಿದವರಿಗೆ ಶಾಲೆಗೆ ಬರುವ ಮಕ್ಕಳನ್ನು ಕರೆದುಕೊಂಡು ಹೋಗಲು ಬಂದಿದ್ದೇವೆ ಎಂದೆವು. ಅದು ಸುಳ್ಳೇನಲ್ಲ, ಕರೆದುಕೊಂಡೇ ಹೋದೆವು.

ಸರಸ್ವತಿ ಆ ಬೆಳಿಗ್ಗೆ ಊರಿನ ಎಲ್ಲ ಬಾಗಿಲುಗಳಿಂದಲೂ ಹೊರಬಂದಳು. "ಏಳೋ, ಒತ್ತು ನೆತ್ತಿಗೆ ಬಂದೈತೆ, ಎಮ್ಮೆ ಅಂಗೆ ಒರಳಬ್ಯಾಡ." "ಮುದ್ದೆ ನುಂಗೋಕೆ ಎಷ್ಟೊತ್ತೇ, ಗಂಟ್ಲಾಗೆ ಗೂಟ ಒಡ್ದೈತಾ?" "ಬಳಪ ತಿಂತೀಯ, ಒಟ್ಟೇಲಿ ಗೋಡೆ ಕಟ್ತೀಯ ಏನ್ಲಾ?" ಮೊದಲ ದಿನ ನನಗೆ ತೆಲುಗಿನಲ್ಲಿ ಸಮಾಧಾನ ಹೇಳಿದ್ದ ಯಜಮಾನ ಮಗನ ಚೀಲ ಹುಡುಕುತ್ತ ಆಡಿದ್ದನ್ನು ನಾನು ಬರೆದುಕೊಂಡೆ, ಆದರೆ ಇಲ್ಲಿ ಕೊಡಲಾರೆ. ಎರಡು ಮನೆಗಳಲ್ಲಿ ಬೈಗುಳ ನಿಜವಾಗಿಯೂ ತೆಲುಗಿನಲ್ಲಿತ್ತು. ಟೀಚರಮ್ಮನ ಶಿಸ್ತು ನೋಡಿ ಈ ವಿಭಾಗಕ್ಕೆ ಹಾಕಿದ್ದ ಮೂರು ಮಕ್ಕಳು. ತೆಲುಗು ಎಂದೇ ಬರೆದೆ. ಒಂದು ಮನೆಯಲ್ಲಿ ಬೈಗುಳವೇ ಇರಲಿಲ್ಲ. ಅಪ್ಪ ಮಗಳ ಜಡೆ ಹಾಕುತ್ತ ಕನ್ನಡದಲ್ಲಿ ಕುರಿಗಳ ಹೆಸರು ಹೇಳಿಸುತ್ತಿದ್ದ. ಅದನ್ನು ಷರಾದಲ್ಲಿ ಬರೆದೆ.

ಹತ್ತು ಗಂಟೆಗೆ ಎಲ್ಲರನ್ನೂ ಶಾಲೆಗೆ ಕರೆಸಿ ಅವರವರ ಮಾತನ್ನು ಅವರವರಿಗೆ ಓದಿ ಹೇಳಿದೆ. ಪಂಚನಾಮೆಯನ್ನು ಗಂಭೀರ ಧ್ವನಿಯಲ್ಲಿ ಓದಬೇಕೆಂಬುದು ನಿಯಮ. "ಸದರಿ ಪೋಷಕರು ಸದರಿ ಮಗುವನ್ನು ಕುರಿತು, ಬಳಪ ತಿಂತೀಯ ಎಂದು ಪ್ರಾರಂಭಿಸಿ..." ಎಂದಾಗ ಕೋಣೆ ನಗೆಯಲ್ಲಿ ಮುಳುಗಿತು. ಹೆಬ್ಬೆಟ್ಟು, ಸಹಿ ಒಂದೊಂದಾಗಿ ಬಿದ್ದವು.

ಅಜ್ಜಿಯ ಸರದಿ ಬಂದಾಗ ಕೈ ನಿಂತಿತು. ಈಗ ಫೈಲಿನ ಮುಂದಿದ್ದರೂ ಕನ್ನಡದಲ್ಲೇ ಮೆಲ್ಲಗೆ ಕೇಳಿದರು: "ಕನ್ನಡ ಅಂತ ಒತ್ತಿದ್ರೆ ನಾಳೆ ರೇಸನ್ ಕಾಲ್ಡು ಕಿತ್ಕಂಡು, ಕರ್ನಾಟಕಕ್ಕೆ ಓಗ್ರಿ ಅಂತ ಅಂದ್ರೆ?"

ಅಂದರೆ ಸೌಜನ್ಯದ ಕೆಳಗೆ ಇದೂ ಇತ್ತು. ಯಾರೂ ನಗಲಿಲ್ಲ. ನಾನು ಏನೋ ಸಂವಿಧಾನದಿಂದ ಶುರುಮಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಸಚಿವಾಲಯದ ಹುಡುಗಿ ಮುಂದೆ ಬಂದಳು.

"ಅಜ್ಜೀ, ರೇಸನ್ ಕಾರ್ಡು ಮಾಡೋಳು ನಾನೇ. ಅದ್ರಾಗೆ ಭಾಷೆ ಕಲಮ್ಮೇ ಇಲ್ಲ. ನಮ್ಮನೇದು ಕನ್ನಡ ಅಂತ ನಾನೇ ಮೊದ್ಲು ಬರ್ಕೊಡ್ತೀನಿ, ಕಿತ್ಕಂಡ್ರೆ ನಮ್ದು ಕಿತ್ಕಳ್ಳಿ."

ಅವಳ ತಮ್ಮ ಅದೇ ವಿಭಾಗದ ಎರಡನೇ ತರಗತಿಯಲ್ಲಿದ್ದ. ಅವಳ ಅಮ್ಮ ಸಹಿ ಹಾಕಿದರು. ಅದನ್ನು ನೋಡಿಕೊಂಡು ಅಜ್ಜಿ ಹೆಬ್ಬೆಟ್ಟು ಒತ್ತಿ, ಹುಳಕ್ಕೆ ಹೊತ್ತಾಯಿತೆಂದು ಎದ್ದು ಹೋದರು.

ಮಧ್ಯಾಹ್ನದ ಬಸ್ಸಿಗೆ ಟೀಚರಮ್ಮನ ಜೊತೆ ಮಡಕಶಿರಾ. ಶಿಕ್ಷಣಾಧಿಕಾರಿಗಳು ಆ ದಿನ ತಪಾಸಣೆಗೆ ಅಲ್ಲಿಗೇ ಬಂದಿದ್ದರು. ಗುಮಾಸ್ತ ಫೈಲು ತೆರೆದವನೇ ಮುಚ್ಚಿದ. ಇದು ನಮೂನೆಯಲ್ಲಿಲ್ಲ, ಸರ್ಕಾರಿ ದಾಖಲೆಯಲ್ಲಿ ಇಂಥ ಶಬ್ದಗಳನ್ನು ಸ್ವೀಕರಿಸಲಾಗದು ಎಂದ. ಹೊರಗೆ ಬೆಂಚಿನ ಮೇಲೆ ಎರಡು ಗಂಟೆ ಕೂತೆವು. ನಾಲ್ಕೂವರೆಗೆ ಒಳಗೆ ಕರೆ ಬಂತು.

ಅಧಿಕಾರಿಗಳು ಸಮುದ್ರತೀರದ ಜಿಲ್ಲೆಯವರು. ಕನ್ನಡ ಒಂದಕ್ಷರ ಬಾರದು. ಮಾತೆಲ್ಲ ತೆಲುಗಿನಲ್ಲೇ ನಡೆಯಿತು.

"ಪಂಡಿತರೆ, ಮೊದಲ ದಿನ ಇಪ್ಪತ್ತೊಂಬತ್ತು ತೆಲುಗು ಎಂದು ಸಹಿ ಮಾಡಿದ್ದೀರಿ. ಮೂರನೇ ದಿನ ಮೂರು ಎಂದಿದ್ದೀರಿ. ಯಾವುದನ್ನು ನಂಬಲಿ?"

"ಮೊದಲ ದಿನ ನಾನು ಕೇಳಿದೆ ಸಾರ್. ಮೂರನೇ ದಿನ ಕೇಳಿಸಿಕೊಂಡೆ."

"ಓದಿ."

ಓದಿದೆ, ಒಂದೊಂದಕ್ಕೂ ತೆಲುಗು ಅನುವಾದ ಕೊಡುತ್ತ. 'ಮೂದೇವಿ' ಬಂದಾಗ ಕೈ ಎತ್ತಿ, ಅದಕ್ಕೆ ಅನುವಾದ ಬೇಡ, ನಮ್ಮಮ್ಮನೂ ಅನ್ನುತ್ತಿದ್ದಳು ಎಂದರು. ಎಂಟು ಮನೆ ಆದ ಮೇಲೆ ನಿಲ್ಲಿಸಿ ತೆಲುಗು ಮೇಷ್ಟ್ರ ಸಾಕ್ಷಿ ಸಹಿಯನ್ನು ನೋಡಿದರು. ಮೊದಲ ಅನುಬಂಧದ ತಲೆಬರಹವನ್ನು ಎರಡು ಸಲ ಓದಿಸಿಕೊಂಡರು. ಸುತ್ತೋಲೆಯ ಎರಡನೇ ಪುಟ ತೆಗೆಸಿ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು.

"ಈ ಸಾಲು ಇದೆಯೆಂದು ನನಗೂ ಗೊತ್ತಿರಲಿಲ್ಲ," ಎಂದು ಹಸಿರು ಇಂಕಿನ ಪೆನ್ನು ತೆಗೆದು ವರದಿಯ ಅಂಚಿನಲ್ಲಿ 'ಅಂಗೀಕರಿಸಿದೆ' ಎಂದು ಬರೆಯತೊಡಗಿದರು. ಗುಮಾಸ್ತ ಕೆಮ್ಮಿದ. ಅವರು ತಲೆ ಎತ್ತಲಿಲ್ಲ.

ಹೊರಗೆ ಬಂದು ಬಸ್‌ಸ್ಟ್ಯಾಂಡಿಗೆ ನಡೆದೆವು. ಅಲ್ಲಿ ಟೀಚರಮ್ಮ ಎರಡು ಲೋಟ ಕಬ್ಬಿನ ಹಾಲು ತಂದು, ಒಂದನ್ನು ನನ್ನ ಕೈಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಸುಮ್ಮನೆ ನಕ್ಕರು. ನನಗೂ ಮೂರು ದಿನಗಳಲ್ಲಿ ಅದೇ ಮೊದಲ ಸಲ ಹೊಟ್ಟೆ ಹಸಿದದ್ದು ಗೊತ್ತಾಯಿತು. ಪಾವಗಡದ ಮೇಲೆ ಹೋಗುವ ಬಸ್ಸು ಸಿಕ್ಕಿತು, ಕಿಟಕಿ ಸೀಟೂ ಸಿಕ್ಕಿತು, ಕಲ್ಯಾಣದುರ್ಗದವರೆಗೆ ನಿದ್ದೆ ಮಾಡಿದೆ.

ಏಪ್ರಿಲ್‌ನಲ್ಲಿ ಆದೇಶ ಬಂತು: ಕನ್ನಡ ವಿಭಾಗವನ್ನು ಯಥಾಸ್ಥಿತಿಯಲ್ಲಿ ಮುಂದುವರಿಸಲಾಗಿದೆ. ನಾಲ್ಕನೇ ತರಗತಿಯ ಏಳು ಮಕ್ಕಳೂ ಜೂನ್‌ನಲ್ಲಿ ಐದನೇ ತರಗತಿಗೆ ಹೋದರು.